ನೋವಾದರೆ ನೆಲ ತಟ್ಟಬೇಕು

ಧೈರ್ಯವಂತರ ಮನೆಯಲ್ಲಿ ಇಂಥವೆಲ್ಲ ನಡೆದದ್ದನ್ನು ನಾನು ಕಾಣೆ. ಅಂಜುಬುರುಕರ ಬೆನ್ನಿಗೆ ಮಾತ್ರ ಒಂದಲ್ಲ ಒಂದು ಪ್ರಸಂಗ ಅಂಟಿಕೊಂಡೇ ಇರುತ್ತದೆ. ರಾಯದುರ್ಗದಲ್ಲಿ ಅಂಜುಬುರುಕರ ಸಂಘ ಅಂತ ಏನಾದರೂ ಇದ್ದರೆ ಅದಕ್ಕೆ ನಾನೇ ಅಧ್ಯಕ್ಷೆ. ಹಲ್ಲಿಗೆ ಅಂಜುತ್ತೇನೆ. ಕುಕ್ಕರ್ ಸೀಟಿ ತಡವಾದರೆ ಅಂಜುತ್ತೇನೆ. ಗೊತ್ತಿಲ್ಲದ ನಂಬರಿನಿಂದ ಫೋನು ಬಂದರೆ ಅದನ್ನು ದಿಂಬಿನ ಕೆಳಗಿಟ್ಟು ಅಡುಗೆಮನೆಗೆ ಹೋಗಿಬಿಡುತ್ತೇನೆ.

ನಾನು ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡಿನಲ್ಲಿ ಕೆಲಸ ಮಾಡುವವಳು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಜೇಬು ಹೊಲಿಯುವುದೇ ನನ್ನ ಕಸುಬು. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು, ಇನ್ನು ಮಷೀನಿನ ಮುಂದೆ ಕೂರಲು ಆಗುವುದಿಲ್ಲ ಅನ್ನುವ ಹಂತಕ್ಕೆ ಬಂದಿದ್ದೆ. ಯುಗಾದಿ ಕಳೆದ ಮೇಲೆ ಓನರು ಕರೆದು, "ಅಕ್ಕಾ, ನೀವು ಚೆಕಿಂಗ್ ಟೇಬಲ್ಲಿಗೆ ಬರ್ರಿ. ನಿಂತು ನೋಡೋ ಕೆಲಸ, ಸೊಂಟಕ್ಕ ತ್ರಾಸಿಲ್ಲ. ಆದ್ರ ಬಿಡೋದು ಸಂಜಿ ಏಳಕ್ಕ. ಶ್ರಾವಣದೊಳಗ ಹೂಂ ಅನ್ರಿ, ಇಲ್ಲಾಂದ್ರ ಬ್ಯಾರೆಯವ್ರನ್ನ ನೋಡ್ತೀನಿ" ಎಂದರು.

ಏಳು ಗಂಟೆ ಎಂದ ಕೂಡಲೇ ನನಗೆ ದಾರಿಯ ಕತ್ತಲೆ ನೆನಪಾಯಿತು. ಶೆಡ್ಡಿನಿಂದ ಮನೆಗೆ ಬರುವ ದಾರಿಯಲ್ಲಿ ಬರೀ ಗೋಡೌನುಗಳು. ಒಂದು ಲೈಟು ಉರಿದರೆ ಮುಂದಿನದು ಉರಿಯುವುದಿಲ್ಲ. ಅದೇ ವಾರ ನಮ್ಮ ಓಣಿಯಲ್ಲಿ ರಿಟೈರ್ಡ್ ಮೇಷ್ಟ್ರ ಹೆಂಡತಿ ರಂಗೋಲಿ ಹಾಕುತ್ತಿದ್ದಾಗ ಯಾರೋ ಸರ ಕಿತ್ತುಕೊಂಡು ಹೋಗಿದ್ದರು. ಅಂದಿನಿಂದ ನಾನು ತಾಳಿಸರವನ್ನು ರವಿಕೆಯೊಳಗೆ ಸೇರಿಸಿ, ಮೇಲೆ ಪಿನ್ನು ಹಾಕಿ, ಅದರ ಮೇಲೆ ಸೆರಗು ಹೊದ್ದು ಓಡಾಡುತ್ತಿದ್ದೆ. ಬೇಡ ಅಂದರೆ ಕೆಲಸ ಹೋಗುತ್ತದೆ, ಹೂಂ ಅಂದರೆ ಜೀವ ಹೋಗುತ್ತದೆ ಎಂದು ಒದ್ದಾಡುತ್ತಿದ್ದಾಗ, ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಅಕ್ಕ ಬಂದು ನನ್ನ ಕೈ ಹಿಡಿದಳು. "ಕಲ್ಯಾಣಮಂಟಪದಾಗ ಜುಜುತ್ಸು ಅಂತ, ಬರಿಗೈಲಿ ಕಳ್ಳನ್ನ ಕೆಡವೋ ಜಪಾನಿ ವಿದ್ಯಾ ಹೇಳಿಕೊಡ್ತಾರಂತ. ಹೆಂಗಸ್ರಿಗೆ. ನಡಿ."

ಆ ಹೆಸರು ಕೇಳಿಯೇ ನನಗೆ ಭಯವಾಗಿತ್ತು.

೧. ಬೀಳುವುದಕ್ಕೂ ಪಾಠ

ಮದುವೆಗಳಿಲ್ಲದ ಭಾನುವಾರಗಳಲ್ಲಿ ಕ್ಲಾಸು. ನೆಲಕ್ಕೆ ಶಾಮಿಯಾನದ ಅಂಗಡಿಯಿಂದ ತಂದ ಗಾದಿಗಳು. ಕಲಿಸುವ ಮೇಡಂ ಮಡಕಶಿರಾ ಕಡೆಯವರು, ಇನ್ನೂ ಚಿಕ್ಕ ವಯಸ್ಸು, ಕಡ್ಡಿಯಂಥ ಮೈ. ಅವರನ್ನು ನೋಡಿ ಸ್ವಲ್ಪ ಸಮಾಧಾನವಾಯಿತು. ಬಾಯಿ ತೆರೆದ ಮೇಲೆ ಆ ಸಮಾಧಾನ ಹೋಯಿತು.

"ಮೊದ್ಲು ಬೀಳೋದು ಕಲೀಬೇಕು. ಗದ್ದ ಎದೆಗೆ ಅಂಟಿಸ್ಕಳಿ, ಹಿಂದಕ್ಕೆ ಬಿದ್ಕಳಿ, ಬೀಳ್ತಾ ಕೈಯಿಂದ ನೆಲ ಬಡೀರಿ. ತಲೆಗೆ ಪೆಟ್ಟಾಗಲ್ಲ."

"ಮೇಡಂ, ನಾ ಬೀಳಬಾರ್ದು ಅಂತಲೇ ಇಲ್ಲಿಗೆ ಬಂದೀನ್ರಿ" ಎಂದೆ.

"ಎಲ್ರೂ ಬೀಳ್ತಾರೆ ಕಣಕ್ಕ. ನೀವು ಚೆಂದಾಗಿ ಬೀಳ್ರಿ."

ಉಳಿದವರೆಲ್ಲ ದಬದಬ ಬಿದ್ದು ಎದ್ದು ನಗುತ್ತಿದ್ದರು. ನಾನೊಬ್ಬಳೇ ಗಾದಿಯ ಅಂಚಿನಲ್ಲಿ, ತಣ್ಣೀರಿನ ಮುಂದೆ ನಿಂತವಳಂತೆ, ಈಗ ಆಗ ಎನ್ನುತ್ತ ನಿಂತಿದ್ದೆ. ಗಿರಣಿ ಅಕ್ಕನಿಗೆ ತಾಳ್ಮೆ ಕಡಿಮೆ. ದಿನಾ ಜೋಳದ ಚೀಲ ಎತ್ತುವ ಕೈ. ನನ್ನ ಎದೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಳ್ಳಿದಳು. ಕಣ್ಣು ಬಿಟ್ಟಾಗ ಮಂಟಪದ ಫ್ಯಾನು ಕಾಣಿಸಿತು. ನನ್ನ ಕೈ ತಾನಾಗಿಯೇ ನೆಲ ಬಡಿದಿತ್ತಂತೆ. ಮೇಡಂ ಚಪ್ಪಾಳೆ ತಟ್ಟಿ, "ಭಯಕ್ಕೆ ಬಿದ್ದೋರೇ ಸರಿಯಾಗಿ ಬೀಳೋದು ನೋಡ್ರಿ" ಎಂದು ನನ್ನನ್ನು ಎಲ್ಲರಿಗೂ ತೋರಿಸಿದರು.

ಎರಡನೆಯ ಪಾಠ ನನಗೆ ತುಂಬ ಹಿಡಿಸಿತು. "ಕೈ ತಿರುವಿದಾಗ ನೋವಾದ್ರೆ ಕಿರುಚಬ್ಯಾಡಿ. ನೆಲ ತಟ್ಟಿ. ತಟ್ಟಿದ ಕೂಡ್ಲೆ ಹಿಡ್ಕಂಡೋರು ಬಿಟ್ಟುಬಿಡಬೇಕು. ಇದು ದೇವರ ಆಣೆ ಇದ್ದಂಗೆ. ಬಿಡದೋರು ನನ್ನ ಕ್ಲಾಸಿಗೆ ಬರಂಗಿಲ್ಲ."

ಜಗತ್ತಿನಲ್ಲಿ ಇಷ್ಟು ಒಳ್ಳೆಯ ಕಾನೂನು ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಗಿರಣಿ ಅಕ್ಕ ತೋಳು ಮಡಚಿಕೊಂಡು ನನ್ನ ಕಡೆ ಬರತೊಡಗಿದಳು. ನಾನು ಕೂತಲ್ಲೇ ಪಟಪಟ ನೆಲ ತಟ್ಟಿದೆ.

"ಮೇಡಂ, ನಾ ಇನ್ನಾ ಮುಟ್ಟೇ ಇಲ್ರಿ!" ಎಂದು ಅಕ್ಕ ಕೂಗಿದಳು.

"ಆಕಿ ಬರೋದು ನೋಡಿದ್ರ ನೋವಾಗ್ತೈತ್ರಿ" ಎಂದೆ ನಾನು.

೨. ಜೇಬಿದ್ದ ಅಂಗಿ

ಸೀರೆಯಲ್ಲಿ ಈ ವಿದ್ಯೆ ಆಗುವುದಿಲ್ಲ, ದಪ್ಪ ಬಟ್ಟೆಯ ಅಂಗಿ ಪೈಜಾಮ ಬೇಕು ಎಂದರು ಮೇಡಂ. ದಪ್ಪ ಬಟ್ಟೆಗೆ ನಮ್ಮೂರಲ್ಲಿ ಬರವೇ? ಓನರನ್ನು ಕೇಳಿ ಶೆಡ್ಡಿನಲ್ಲಿ ಉಳಿದ ಜೀನ್ಸ್ ತುಂಡು ತಂದು, ಕ್ಲಾಸಿನ ಎಲ್ಲರಿಗೂ ನಾನೇ ಹೊಲಿದುಕೊಟ್ಟೆ. ಅಷ್ಟರಮಟ್ಟಿಗೆ ಹೆಮ್ಮೆಯೂ ಆಯಿತು.

ಮೇಡಂ ಅಂಗಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದಕ್ಕೆ ಜೇಬು ಯಾಕಕ್ಕ? ಅದೂ ಇಷ್ಟೊಂದು?"

"ಜೀನ್ಸ್ ಬಟ್ಟಿ ಕೈಗೆ ಬಂದ್ರ ಜೇಬು ತಾನ ಬೀಳ್ತಾವ್ರಿ" ಎಂದೆ. ನಿಜವಾಗಿಯೂ ಹಾಗೆಯೇ ಆಗಿತ್ತು.

ಜೇಬಿನಿಂದ ಅಂಥ ತೊಂದರೆಯೇನೂ ಆಗಲಿಲ್ಲ. ತೊಂದರೆ ಬಂದದ್ದು ಬಣ್ಣದಿಂದ. ವಾಷಿಂಗಿಗೆ ಹೋಗದ ಹಸಿ ಬಟ್ಟೆ ಅದು. ಬೆವರು ಬಿದ್ದ ಕೂಡಲೇ ಬಿಟ್ಟುಕೊಂಡಿತು. ಕ್ಲಾಸು ಮುಗಿಯುವ ಹೊತ್ತಿಗೆ ಗಿರಣಿ ಅಕ್ಕನ ಕುತ್ತಿಗೆ ನೀಲಿ, ನನ್ನ ಮೂಗು ನೀಲಿ, ಗಾದಿಗಳ ಮೇಲೆ ನಾವು ಬಿದ್ದ ಗುರುತುಗಳೂ ನೀಲಿ. ನಾವು ಮುಖ ತೊಳೆದು ಮನೆಗೆ ಹೋದೆವು. ಗಾದಿಗಳು ಅಲ್ಲೇ ಇದ್ದವು. ಮರುದಿನ ಅದೇ ಮಂಟಪದಲ್ಲಿ ಮದುವೆ. ಬಿಸಿಲಿಗೆ ಬಸವಳಿದ ಬೀಗರು ಬಿಳಿ ಅಂಗಿ, ಬಿಳಿ ಪಂಚೆಯಲ್ಲೇ ಆ ಗಾದಿಗಳ ಮೇಲೆ ಉರುಳಿಕೊಂಡು ಬೆವರಿ ನಿದ್ದೆ ಮಾಡಿದ್ದಾರೆ.

ಶಾಮಿಯಾನದವನು ಮುಂದಿನ ಭಾನುವಾರ ಬಾಗಿಲಲ್ಲಿ ನಿಂತದ್ದು ಕಂಡು ನಾನು ಗಿರಣಿ ಅಕ್ಕನ ಬೆನ್ನ ಹಿಂದೆ ಅಡಗಿದೆ. ಬೀಗರು ನನ್ನನ್ನು ಹುಡುಕಿಕೊಂಡು ಬರುತ್ತಾರೆಂದು ವಾರವೆಲ್ಲ ಹಿಂಬಾಗಿಲಿನಿಂದ ಓಡಾಡಿದ್ದೆ. ಅವನು ಒಬ್ಬೊಬ್ಬರ ಅಂಗಿಯನ್ನೂ ನೋಡಿದ, ಗಾದಿಯನ್ನೂ ನೋಡಿದ, ಆಮೇಲೆ ಕೈ ಮುಗಿದ.

"ಫೋಟೋದಾಗ ಬೀಗ್ರು ಮುಂದ ಬೆಳ್ಳಗ, ಹಿಂದ ನೀಲಿ ಬಿದ್ದಾರ್ರಿ. ಹೊಡದಾಡ್ರಿ ತಾಯಂದಿರಾ, ಬ್ಯಾಡ ಅನ್ನಂಗಿಲ್ಲ. ಬಣ್ಣ ಬಿಡದಂಗ ಹೊಡದಾಡ್ರಿ."

೩. ಕಾಲು ತಾಗಿದರೆ

ಕಾಲು ಕೊಟ್ಟು ಬೀಳಿಸುವ ಪಟ್ಟು ಬಂತು. ಎದುರಿನವರ ಹಿಮ್ಮಡಿಗೆ ನಮ್ಮ ಕಾಲು ಹಾಕಿ ಎಳೆದು, ಭುಜ ಹಿಂದಕ್ಕೆ ತಳ್ಳಬೇಕು. ಗಿರಣಿ ಅಕ್ಕನಂಥ ಅಕ್ಕನನ್ನು ನಾನು ಬೀಳಿಸುವುದುಂಟೇ ಎನ್ನುತ್ತಲೇ ಕಾಲು ಹಾಕಿದೆ. ಆಕೆ ಧೊಪ್ಪನೆ ಬಿದ್ದಳು. ನನಗಿಂತ ದೊಡ್ಡವಳಿಗೆ ಕಾಲು ತಾಗಿಸಿದ್ದೆನಲ್ಲ, ಕೂಡಲೇ ಬಗ್ಗಿ ಆಕೆಯ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡೆ. ನಮ್ಮಲ್ಲಿ ಮನುಷ್ಯರು ಹಾಗಿರಲಿ, ಕಸಬರಿಗೆಗೆ ಕಾಲು ತಾಗಿದರೂ ಹಾಗೆ ಮಾಡುತ್ತೇವೆ.

ಅಕ್ಕ ಮಲಗಿದಲ್ಲಿಂದಲೇ, "ಇರ್ಲಿ ಬಿಡವ್ವಾ, ನೂರು ವರ್ಷ ಬಾಳು" ಎಂದು ಹರಸಿದಳು.

"ಏನ್ರೀ ಇದು?" ಮೇಡಂ ಓಡಿ ಬಂದರು. "ಅವ್ರು ನಿಮ್ಮ ಶತ್ರು ಕಣ್ರೀ!"

"ಶತ್ರು ಆದ್ರೂ ದೊಡ್ಡಾಕಿ ಅಲ್ರೀ."

"ನೀವು ಬಗ್ಗಿದ್ರೆ ಕತ್ತು ಕೊಟ್ಟಂಗೆ. ಕಳ್ಳ ಅಲ್ಲೇ ಹಿಡ್ಕಂತಾನೆ. ಕಾಲು ತಾಗ್ಲಿ, ಏನಾದ್ರೂ ಆಗ್ಲಿ, ಬಗ್ಗಬ್ಯಾಡಿ!"

ಹೇಳಿ ತಿರುಗಿ ನೋಡುತ್ತಾರೆ, ಮಂಟಪದ ತುಂಬ ಅದೇ. ಒಬ್ಬಳು ಬೀಳುತ್ತಾಳೆ, ಬೀಳಿಸಿದವಳು ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ, ಬಿದ್ದವಳು ಹರಸುತ್ತಾಳೆ. ಯುದ್ಧ ನಡೆಯುತ್ತಿದೆಯೋ ಹಬ್ಬದ ನಮಸ್ಕಾರ ನಡೆಯುತ್ತಿದೆಯೋ ತಿಳಿಯುವಂತಿರಲಿಲ್ಲ. ಮೇಡಂ ತಲೆ ಚಚ್ಚಿಕೊಂಡರು. "ನಿಲ್ಸಿ ಎಲ್ಲ! ನಾನು ತೋರಿಸ್ತೀನಿ, ನೋಡ್ಕಳಿ. ಕಾಲು ಹಾಕಿದ್ದು, ಬೀಳ್ಸಿದ್ದು, ಹಿಂದಕ್ಕೆ ಸರಿದು ನಿಂತಿದ್ದು. ಅಷ್ಟೇ."

ಗಿರಣಿ ಅಕ್ಕನನ್ನು ಎದುರಿಗೆ ನಿಲ್ಲಿಸಿಕೊಂಡು ಕಾಲು ಹಾಕಿದರು. ಅಕ್ಕ ಬಿದ್ದಳು. ಮೇಡಂ ಹಿಂದಕ್ಕೆ ಸರಿದರು. ಮತ್ತೆ ಅದೇನಾಯಿತೋ, ಸರಸರ ಮುಂದಕ್ಕೆ ಬಂದು, ಬಗ್ಗಿ, ಅಕ್ಕನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಮೇಡಂ ಕೈಯನ್ನು ಕಣ್ಣಿನಿಂದ ನಿಧಾನವಾಗಿ ಕೆಳಗಿಳಿಸಿ, "ಇವತ್ತಿಗೆ ಸಾಕು" ಎಂದು ಹೊರಟುಹೋದರು.

೪. ಅತ್ತೆಯ ಹಿಡಿತ

ಮನೆಯಲ್ಲೂ ಅಭ್ಯಾಸ ಮಾಡಬೇಕೆಂದರು. ಕಿರಾಣಿ ಅಂಗಡಿ ಮುಚ್ಚಿ ಊಟಕ್ಕೆ ಬಂದ ಗಂಡನನ್ನು ಕಳ್ಳನಾಗಲು ಒಪ್ಪಿಸಿದೆ. ಅವರೋ ಇರುವೆಗೂ ದಾರಿ ಬಿಡುವ ಮನುಷ್ಯ. ಹಿಂದಿನಿಂದ ಬಂದು, "ಈಗ ಹಿಡಿಲೇನು?" ಎಂದು ಕೇಳಿದರು.

ಜಗಲಿಯಲ್ಲಿ ಶೇಂಗಾ ಸುಲಿಯುತ್ತಿದ್ದ ಅತ್ತೆಗೆ ಸಹಿಸಲಾಗಲಿಲ್ಲ. "ಕಳ್ಳ ಹಂಗ ಕೇಳಿ ಹಿಡೀತಾನೇನೋ? ಸರಿ ಅತ್ಲಾಗ" ಎಂದು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದರು.

ಹಿಡಿದ ಕೈಯ ಹೆಬ್ಬೆರಳಿನ ಕಡೆಗೆ ತಿರುವಿದರೆ ಬಿಡಿಸಿಕೊಳ್ಳಬಹುದು ಎನ್ನುವುದು ನನಗೆ ಬಾಯಿಪಾಠ. ಆದರೆ ಹಿಡಿದವರು ಅತ್ತೆ! ಅತ್ತೆಯ ಕೈ ತಿರುವಿದ ಸೊಸೆ ಎಂದು ಊರೆಲ್ಲ ಹೆಸರಾದರೆ? ನಾನು ಸುಮ್ಮನೆ ನಿಂತೆ. ಅವರು ಬಿಗಿ ಮಾಡಿದರು. ವರ್ಷಗಟ್ಟಲೆ ಎಮ್ಮೆ ಕರೆದ ಕೈ, ಬೆರಳುಗಳೆಲ್ಲ ಕಬ್ಬಿಣ. ನೋವು ಮೊಣಕೈಗೆ ಏರಿತು. ಕೆಳಗೆ ಕೂತು ಪಟಪಟ ನೆಲ ತಟ್ಟಿದೆ. ಅವರು ಇನ್ನೂ ಬಿಗಿ ಮಾಡಿದರು. ಇನ್ನೂ ಜೋರಾಗಿ ತಟ್ಟಿದೆ.

"ಯಾಕ ನೆಲ ಬಡೀತಿ? ಜಿರಳಿ ಐತೇನು?" ಎಂದರು ಅತ್ತೆ.

"ಅತ್ತೀ, ತಟ್ಟಿದ್ರ ಬಿಡಬೇಕ್ರಿ! ಅದು ರೂಲ್ ಐತ್ರಿ!"

ಅತ್ತೆ ಬಿಟ್ಟರು. ಹೋಗಿ ಶೇಂಗಾದ ಮುಂದೆ ಕೂತರು. "ಅದು ನಿಮ್ಮ ಕ್ಲಾಸಿನ ರೂಲು. ಈ ಮನ್ಯಾಗ ಇಲ್ಲ."

೫. ಮಡಕಶಿರಾದಲ್ಲಿ ಪರೀಕ್ಷೆ

ಮೊದಲ ಮೆಟ್ಟಿಲು ದಾಟಿದವರು ಸೊಂಟಕ್ಕೆ ಕಟ್ಟುವ ಹಳದಿ ಪಟ್ಟಿಯ ಪರೀಕ್ಷೆಗೆ ಮಡಕಶಿರಾಕ್ಕೆ ಜೀಪು ಮಾಡಿಕೊಂಡು ಹೋದೆವು. ಕಲ್ಯಾಣದುರ್ಗ ದಾಟುವ ತನಕ ಟೈರು ಪಂಕ್ಚರ್ ಆಗಲಿ ಎಂದು ನಮ್ಮ ಮನೆದೇವರಿಗೆ ಹರಕೆ ಹೊತ್ತೆ. ಪಂಕ್ಚರ್ ಆಯಿತು ಕೂಡ. ಮೇಡಂ ಪರೀಕ್ಷೆಯವರಿಗೆ ಫೋನು ಮಾಡಿ, "ಎಷ್ಟೊತ್ತಾದ್ರೂ ಕಾಯ್ತಾರಂತೆ, ಹೆದರಬ್ಯಾಡಿ" ಎಂದು ನನ್ನ ಬೆನ್ನು ಸವರಿದರು. ಹರಕೆಯೂ ದಂಡವಾಯಿತು.

ಪರೀಕ್ಷೆ ಮಾಡುವವರು ಮೇಡಂಗೆ ಕಲಿಸಿದ ದೊಡ್ಡ ಗುರುಗಳು. ದೊಡ್ಡ ಹೊಟ್ಟೆ, ಅದರ ಮೇಲೆ ಕಪ್ಪು ಪಟ್ಟಿ. ಪಟ್ಟುಗಳೆಲ್ಲ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕರೆದು ಪ್ರಶ್ನೆ ಕೇಳಿದರು.

ಗಿರಣಿ ಅಕ್ಕನಿಗೆ: "ಒಬ್ಬ ಚಾಕು ಹಿಡ್ಕಂಡು ಬಂದ. ಏನ್ ಮಾಡ್ತೀಯಮ್ಮ?"

"ಚಾಕು ಕಸ್ಕೊಂಡು, ಕೈ ತಿರುವಿ, ಕೆಡವಿ, ಮ್ಯಾಲ ಕೂಡ್ತೀನ್ರಿ."

ಗುರುಗಳು ಪುಸ್ತಕದಲ್ಲಿ ಏನೋ ಬರೆದುಕೊಂಡರು. ನನ್ನ ಸರದಿ ಬಂತು. ಕಲಿತದ್ದೆಲ್ಲ ತಲೆಯಿಂದ ಇಳಿದುಹೋಗಿ, ಬಾಯಿಂದ ಒಳಗಿದ್ದ ನಿಜವೇ ಬಂತು.

"ಓಡ್ತೀನ್ರಿ."

"ಅವನು ಅಟ್ಟಿಸ್ಕಂಡು ಬಂದ್ರೆ?"

"ಇನ್ನಾ ಜೋರ ಓಡ್ತೀನ್ರಿ."

"ಶಭಾಷ್!" ಎಂದು ಗುರುಗಳು ತೊಡೆ ತಟ್ಟಿದರು. "ಚಾಕು ಕಂಡ್ರೆ ಓಡಬೇಕು. ಇದೇ ಮೊದಲ್ನೇ ಪಾಠ. ಇಷ್ಟು ಜನದಾಗೆ ಈಯಮ್ಮ ಒಬ್ಳೇ ಸರಿ ಹೇಳಿದ್ದು. ಎಲ್ಲಿ, ಸಹಾಯಕ್ಕೆ ಒಂದ್ಸಲ ಜೋರಾಗಿ ಕೂಗು ನೋಡನ."

ಬಾಯಿ ತೆರೆದೆ. ಗಾಳಿ ಬಂತು, ಸದ್ದು ಬರಲಿಲ್ಲ. ಕನ್ನಡದಲ್ಲಿ 'ಕಳ್ಳ' ಅನ್ನಲೋ ತೆಲುಗಿನಲ್ಲಿ 'ದೊಂಗ' ಅನ್ನಲೋ ಎಂದೂ ತಿಳಿಯಲಿಲ್ಲ, ಆಂಧ್ರದ ಗಡಿಯ ನಮ್ಮೂರಲ್ಲಿ ಎರಡೂ ಭಾಷೆಯವರು, ಓಡಿ ಬರುವವರು ಯಾರಿರುತ್ತಾರೋ ಏನೋ. ಅದನ್ನೇ ಗುರುಗಳಿಗೆ ಹೇಳಿದೆ. ಅವರು ನಕ್ಕು ನಕ್ಕು ನನ್ನನ್ನು ಪಾಸು ಮಾಡಿದರು. ಗಿರಣಿ ಅಕ್ಕನಿಗೆ ಮಾತ್ರ, "ಧೈರ್ಯ ಜಾಸ್ತಿ ಐತೆ, ಕಮ್ಮಿ ಮಾಡ್ಕಂಡು ಮತ್ತೆ ಬಾ" ಎಂದರು.

ಜೀಪಿನಲ್ಲಿ ರಾಯದುರ್ಗ ಬರುವ ತನಕ ಅಕ್ಕ ಹೊರಗಡೆ ಮುಖ ಮಾಡಿ ಕೂತಿದ್ದಳು. ಇಳಿಯುವಾಗ ಒಂದೇ ಮಾತು: "ಓಡೋಕಿಗೆ ಪಟ್ಟಿ, ಹಿಡಿಯೋಕಿಗೆ ಇಲ್ಲ. ಎಂಥಾ ವಿದ್ಯಾನೋ."

೬. ಏಳು ಗಂಟೆಯ ದಾರಿ

ಹಳದಿ ಪಟ್ಟಿಯ ಧೈರ್ಯದಲ್ಲಿ ಓನರಿಗೆ, "ಒಂದಿಷ್ಟು ದಿವಸ ನೋಡ್ತೀನ್ರಿ" ಎಂದೆ. ನೋಡಿದ್ದೇನು, ದಿನಾ ಸಂಜೆ ಗಂಡ ಅಂಗಡಿ ಬಿಟ್ಟು ಬಂದು ಗೇಟಿನ ಮುಂದೆ ಮೊಪೆಡ್ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಶ್ರಾವಣ ಹತ್ತಿರ ಬಂತು. ಒಂದು ಶನಿವಾರ ಸಂಜೆ ಅವರ ಫೋನು: "ಅಂಗಡಿಗೆ ಸರಕು ಬಂದೈತಿ, ಬಿಟ್ಟು ಬರಂಗಿಲ್ಲ. ಇವತ್ತೊಂದಿನ ನೀನ ಬಂದುಬಿಡು."

ಗೇಟಿನಲ್ಲಿ ನಿಂತು ನಿಶ್ಚಯ ಮಾಡಿದೆ: ಸೋಮವಾರ ಬೆಳಿಗ್ಗೆ ಓನರಿಗೆ ಬೇಡ ಅಂದುಬಿಡುವುದು. ಇವತ್ತೊಂದು ದಿನ ದೇವರು ಮನೆ ಮುಟ್ಟಿಸಿದರೆ ಸಾಕು.

ಗೋಡೌನುಗಳ ಸಾಲಿಗೆ ಬಂದಾಗ ಹಿಂದೆ ಚಪ್ಪಲಿಯ ಸದ್ದು. ನಾನು ನಿಧಾನ ಮಾಡಿದರೆ ಅದೂ ನಿಧಾನ. ನಾನು ಬಿರುಸಾದರೆ ಅದೂ ಬಿರುಸು. ಪಕ್ಕಕ್ಕೆ ಬಂದವನು ಎಳೆ ವಯಸ್ಸಿನ ಗಂಡಸು, ಮುಖಕ್ಕೆ ಕರ್ಚೀಫು ಕಟ್ಟಿಕೊಂಡಿದ್ದ.

"ಅಕ್ಕಾ, ಬಸ್ ಸ್ಟ್ಯಾಂಡ್ ಯಾ ಕಡಿ?"

ಹೇಳಲೆಂದು ಕೈ ಎತ್ತಿದೆ. ಅವನ ಕೈ ನನ್ನ ಕುತ್ತಿಗೆಗೆ ಬಂತು. ಮಡಕಶಿರಾದಲ್ಲಿ ಶಭಾಷ್ ಗಿಟ್ಟಿಸಿದ ಉತ್ತರ ನನಗೆ ನೆನಪಾಯಿತು, ಕಾಲಿಗೆ ನೆನಪಾಗಲಿಲ್ಲ. ಕೂಗಲು ಬಾಯಿ ತೆರೆದೆ, ಮತ್ತೆ ಬರೀ ಗಾಳಿ. ಇಷ್ಟೇ, ಮುಗಿಯಿತು ಅಂದುಕೊಂಡೆ. ಭಯಕ್ಕೆ ಹಿಂದಕ್ಕೆ ಬಿದ್ದೆ. ಗದ್ದ ಎದೆಗೆ ಅಂಟಿತ್ತು, ಕೈ ತಾನಾಗಿ ನೆಲ ಬಡಿಯಿತು, ತಲೆಗೆ ಒಂದಿಷ್ಟೂ ಪೆಟ್ಟಿಲ್ಲ. ಪಿನ್ನು ಹಾಕಿದ ಸರ ಅವನ ಬೆರಳಿನಿಂದ ಜಾರಿತು. ಬಗ್ಗಿ ಎಳೆಯುತ್ತಿದ್ದವನು ಮುಗ್ಗರಿಸಿದ. ಅವನ ಕಾಲು ನನ್ನ ಭುಜಕ್ಕೆ ತಾಗಿತು.

ಆಮೇಲೆ ಆದದ್ದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಅವನು ತಟ್ಟನೆ ನಿಂತ, ಬಗ್ಗಿದ, ನನ್ನ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡ.

"ತಪ್ಪಾತಕ್ಕಾ."

"ಇರ್ಲಿ ಬಿಡಪ್ಪಾ" ಎಂದೆ ನಾನು, ಮಲಗಿದಲ್ಲಿಂದಲೇ.

ಒಂದು ಕ್ಷಣ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವನಿಗೆ ತಾನು ಬಂದ ಕೆಲಸ ನೆನಪಾಯಿತು, ಮತ್ತೆ ಸರಕ್ಕೆ ಕೈ ಹಾಕಿದ. ನನಗೂ ನಾನು ಕಲಿತದ್ದು ನೆನಪಾಯಿತು. ಅವನ ಮಣಿಕಟ್ಟು ಕಣ್ಣೆದುರಿಗೇ ಇತ್ತು. ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ತಿರುವಿದೆ. "ಯಪ್ಪಾ!" ಎಂದು ಮೊಣಕಾಲೂರಿದ. ಇನ್ನೂ ತಿರುವಿದೆ. ಮುಖ ಅಡಿಯಾಗಿ ಬಿದ್ದ. ನನಗೆ ಅವನಿಗಿಂತ ಹೆಚ್ಚು ಭಯ. ಬಿಟ್ಟರೆ ಏನು ಮಾಡುತ್ತಾನೋ ಎಂದು ಹಲ್ಲು ಕಚ್ಚಿ ಹಿಡಿದುಕೊಂಡೆ. ಈ ಕೈಯನ್ನು ಬೆಳಗಾದರೂ ಬಿಡುವುದಿಲ್ಲ ಅಂದುಕೊಂಡೆ.

ಆಗ ಅವನು ನೋವು ತಡೆಯಲಾರದೆ ಇನ್ನೊಂದು ಕೈಯಿಂದ ಪಟಪಟ ನೆಲ ತಟ್ಟಿದ.

ನಾನು ಬಿಟ್ಟುಬಿಟ್ಟೆ.

ಅವನು ಎದ್ದು ಕೂತು ನನ್ನನ್ನು ಪಿಳಿಪಿಳಿ ನೋಡಿದ. ಯಾಕೆ ಬಿಟ್ಟೆನೆಂದು ಅವನಿಗೂ ತಿಳಿಯಲಿಲ್ಲ. ಆಮೇಲೆ ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿದ. ಅವನು ಮೂಲೆ ತಿರುಗಿದ ಮೇಲೆ ನನ್ನ ಗಂಟಲು ಬಿಟ್ಟುಕೊಂಡು, "ಕಳ್ಳಾ! ದೊಂಗಾ! ಕಳ್ಳಾ! ದೊಂಗಾ!" ಎಂದು ಎರಡೂ ಭಾಷೆಯಲ್ಲಿ ಹೊರಟಿತು. ಗೋಡೌನಿನ ವಾಚ್‌ಮನ್ ಕೋಲು ಹಿಡಿದು ಬಂದ. ಕುತ್ತಿಗೆ ಮುಟ್ಟಿ ನೋಡಿಕೊಂಡೆ. ಸರ ಇತ್ತು. ಆಗ ಅಳು ಬಂತು.

ಮರುದಿನ ಕ್ಲಾಸಿನಲ್ಲಿ ಎಲ್ಲ ಹೇಳಿದೆ. ಕಳ್ಳನ ಕೈ ಹಿಡಿದ ಭಾಗದ ತನಕ ಮೇಡಂ ಕಣ್ಣರಳಿಸಿ ಕೇಳಿದರು. "ಅಷ್ಟು ಚೆಂದಾಗಿ ಹಿಡಿದು ಯಾಕೆ ಬಿಟ್ರಿ ಅಕ್ಕ?"

"ತಟ್ಟಿದ ಮೇಡಂ. ನೀವ ಹೇಳಿದ್ರಲ್ಲ, ದೇವರ ಆಣಿ ಇದ್ದಂಗ ಅಂತ."

ಮೇಡಂ ಗೋಡೆಗೆ ಒರಗಿ ಕೂತುಬಿಟ್ಟರು. ಅತ್ತೆಗೆ ಮಾತ್ರ ಹಿಂದಿನ ರಾತ್ರಿಯಿಂದ ನನ್ನ ಮೇಲೆ ಸಿಟ್ಟು. "ಸಿಕ್ಕ ಕಳ್ಳನ್ನ ಬಿಟ್ಟು ಬಂದಾಳ, ದೊಡ್ಡ ಪಟ್ಟಿ ಕಟ್ಕೊಂಡಾಕಿ!"

ಸೋಮವಾರ ಬೆಳಿಗ್ಗೆ ಓನರ ಮುಂದೆ ನಿಂತು ಬೇಡ ಅನ್ನಲು ಬಾಯಿ ತೆರೆದೆ. ಆಗಬಾರದ್ದೆಲ್ಲ ಆಗಿಯೂ ನಾನು ಇಲ್ಲೇ ನಿಂತಿದ್ದೇನಲ್ಲ ಅನ್ನಿಸಿತು. "ಹೂಂ ರೀ, ಏಳಕ್ಕ ಬಿಡ್ರಿ" ಎಂದೆ. ಗಂಡನಿಗೂ ಬರಬೇಡಿ ಎಂದು ಹೇಳಿಬಿಟ್ಟೆ.

ಆ ಸಂಜೆ ಒಬ್ಬಳೇ ಹೊರಟೆ. ಗೋಡೌನುಗಳ ಸಾಲಿಗೆ ಬಂದಾಗ ಹಿಂದೆ ಮತ್ತೆ ಚಪ್ಪಲಿಯ ಸದ್ದು. ತಿರುಗಿ ನೋಡುವ ಧೈರ್ಯವಿಲ್ಲದೆ, ಆದದ್ದಾಗಲಿ ಎಂದು, ಗದ್ದ ಎದೆಗೆ ಅಂಟಿಸಿ ಹಿಂದಕ್ಕೆ ಬಿದ್ದುಬಿಟ್ಟೆ.

ಮೇಲೆ ಅತ್ತೆಯ ಮುಖ ಕಾಣಿಸಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

"ಏಳು, ನಾನ. ನೀ ಹಿಡದು ಬಿಡೋಕಿ, ಹಿಂದ ಬಿಡದಾಕಿ ಒಬ್ಬಾಕಿ ಇರ್ಬೇಕಲ್ಲ."

ಅಂದಿನಿಂದ ದಿನಾ ಸಂಜೆ ನಾನು ಮುಂದೆ ನಡೆಯುತ್ತೇನೆ, ಅತ್ತೆ ಹಿಂದೆ ಬರುತ್ತಾರೆ. ನನ್ನ ಅಂಜಿಕೆ ಇನ್ನೂ ಪೂರ್ತಿ ಹೋಗಿಲ್ಲ. ಸರಕ್ಕೆ ಕೈ ಹಾಕಿದ ಆ ಹುಡುಗ ದೊಡ್ಡವರಿಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವಷ್ಟು ಒಳ್ಳೆಯ ಮನೆಯಲ್ಲಿ ಬೆಳೆದವನು. ಮತ್ತೊಮ್ಮೆ ಈ ದಾರಿಗೆ ಬಂದು ಅತ್ತೆಯ ಕೈಗೆ ಸಿಕ್ಕನೆಂದರೆ, ಪಾಪ, ಬೆಳಗಿನ ತನಕ ನೆಲ ತಟ್ಟಬೇಕಾಗುತ್ತದಲ್ಲ ಎಂದು ನನಗೆ ಭಯ.